ವೈದ್ಯಕೀಯ ಮಿತಿಯೂ ಮುಂದಾಳತ್ವವೂ: ಸಂಪಾದಕರ ಉತ್ತರ

ಮಾನ್ಯರೇ,

‘ಲೋ ಮೆಡಿಕಲ್ ಕೆಟಗರಿ’ಗೆ, ಅಂದರೆ ಪೂರ್ಣ ಆರೋಗ್ಯಕ್ಕಿಂತ ಕೆಳಗಿನ ವೈದ್ಯಕೀಯ ದರ್ಜೆಗೆ, ಇಳಿದ ಸೇನಾಧಿಕಾರಿಗಳಿಗೆ ಅದೊಂದೇ ಕಾರಣಕ್ಕೆ ಬಡ್ತಿಯನ್ನಾಗಲಿ ಪಡೆಯ ಮುಂದಾಳತ್ವವನ್ನಾಗಲಿ ನಿರಾಕರಿಸಬಾರದು ಎಂದು ಕಳೆದ ಸಂಚಿಕೆಯಲ್ಲಿ ನಾವು ಬರೆದುದನ್ನು ಆಕ್ಷೇಪಿಸಿ ತಾವು ಮಡಿಕೇರಿಯಿಂದ ಕಳುಹಿಸಿದ ಪತ್ರ ತಲುಪಿದೆ. ಕಾಲಾಳು ಪಡೆಯಲ್ಲಿ ಸುಬೇದಾರರಾಗಿ ನಿವೃತ್ತರಾದ ತಾವು, “ತಾನೇ ಬೆಟ್ಟ ಹತ್ತಲಾರದ ಸಾಹೇಬರು ಜವಾನರನ್ನು ಹೇಗೆ ಹತ್ತಿಸಿಯಾರು?” ಎಂದು ಕೇಳಿದ್ದೀರಿ. ಕೆಟಗರಿಗೆ ಇಳಿದಿರುವ, ನಾಯಬ್ ಸುಬೇದಾರರಾದ ತಮ್ಮ ಸೋದರಳಿಯನನ್ನು ಅವಧಿಗೆ ಮೊದಲೇ ಮನೆಗೆ ಕಳುಹಿಸಬಹುದೇ ಎಂಬ ಆತಂಕವನ್ನೂ ಅದೇ ಪತ್ರದಲ್ಲಿ ತೋಡಿಕೊಂಡಿದ್ದೀರಿ.

ತಮ್ಮ ಮೊದಲ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹೃದ್ರೋಗವಿರುವ ಕಂಪನಿ ಕಮಾಂಡರನ್ನು ಸಿಯಾಚಿನ್‌ಗೆ ಕಳುಹಿಸುವುದು ಅವರಿಗೂ ಅವರನ್ನು ನಂಬಿದ ಜವಾನರಿಗೂ ಮಾಡುವ ಅನ್ಯಾಯ. ಆದರೆ ಕೆಟಗರಿ ಎಂಬುದು ಹೇಳುವುದಾದರೂ ಏನನ್ನು? ಮನೋಸ್ಥಿತಿ, ಶ್ರವಣ, ಕೈಕಾಲು, ದೈಹಿಕ ಸಾಮರ್ಥ್ಯ, ದೃಷ್ಟಿ ಎಂಬ ಐದನ್ನು ಬೇರೆಬೇರೆಯಾಗಿ ಅಳೆಯುವ ‘ಶೇಪ್’ ಪದ್ಧತಿಯಲ್ಲಿ, ಪ್ರತಿಯೊಂದಕ್ಕೂ 1ರಿಂದ 5ರವರೆಗಿನ ದರ್ಜೆಯಿದೆ. ಎಲ್ಲೆಡೆ, ಎಲ್ಲ ಕರ್ತವ್ಯಕ್ಕೂ ಯೋಗ್ಯರಾದವರಿಗೆ 1. ಸೇವೆಗೇ ಶಾಶ್ವತವಾಗಿ ಅಯೋಗ್ಯರಾದವರಿಗೆ 5. ಇವೆರಡರ ನಡುವೆ ಇರುವವರ ಬಗ್ಗೆ ವೈದ್ಯಕೀಯ ಮಂಡಳಿ ಬರೆಯುವುದು ಇಂಥ ಕೆಲಸ ಬೇಡ, ಇಷ್ಟು ಎತ್ತರದ ಜಾಗ ಬೇಡ ಎಂಬ ನಿರ್ದಿಷ್ಟ ನಿರ್ಬಂಧಗಳನ್ನು. ಆ ನಿರ್ಬಂಧಗಳನ್ನು ಮುಂದಿನ ಹುದ್ದೆಯ ಕೆಲಸದೊಡನೆ ಹೋಲಿಸಿ ನೋಡುವ ತೊಂದರೆ ತೆಗೆದುಕೊಳ್ಳದೆ, ಕೆಟಗರಿ ಎಂಬ ಶಬ್ದ ಕಂಡೊಡನೆಯೇ ಕಡತವನ್ನು ಬದಿಗೆ ಸರಿಸುವುದನ್ನೇ ನಾವು ಅನ್ಯಾಯವೆಂದದ್ದು.

ಬೆಟ್ಟದ ಪ್ರಶ್ನೆಗೆ ಉತ್ತರ ಸೇನೆಯ ಚರಿತ್ರೆಯಲ್ಲೇ ಇದೆ. 1971ರ ಡಿಸೆಂಬರಿನಲ್ಲಿ, ಇಂದಿನ ಬಾಂಗ್ಲಾದೇಶದ ಸಿಲ್ಹೆಟ್ ಬಳಿ ನೆಲಬಾಂಬಿನ ಮೇಲೆ ಕಾಲಿಟ್ಟ, 5ನೇ ಗೂರ್ಖಾ ರೈಫಲ್ಸ್‌ನ ಮೇಜರ್ ಇಯಾನ್ ಕಾರ್ಡೋಜೊ, ನೋವು ತಗ್ಗಿಸುವ ಮಾರ್ಫಿನ್ ಸಿಗದೆ, ಕತ್ತರಿಸಿಕೊಡುವ ಧೈರ್ಯ ಜೊತೆಯವನಿಗೂ ಬಾರದೆ, ಛಿದ್ರಗೊಂಡ ಕಾಲನ್ನು ತಮ್ಮದೇ ಖುಕ್ರಿಯಿಂದ (ಗೂರ್ಖಾಗಳ ಬಾಗಿದ ಕತ್ತಿ) ಕಡಿದುಕೊಂಡರು. ಕೃತಕ ಕಾಲಿನಲ್ಲಿ ಮರಳಿದ ಅವರಿಗೆ ಬೆಟಾಲಿಯನ್ ಒಪ್ಪಿಸಲು ಹಿಂಜರಿದಾಗ, ಎರಡೂ ಕಾಲುಳ್ಳವರೊಡನೆ ದೈಹಿಕ ಪರೀಕ್ಷೆಗೆ ನಿಂತು ಓಡಿ ತೋರಿಸಿದರು. ಭೂಸೇನಾ ಮುಖ್ಯಸ್ಥ ಜನರಲ್ ಟಿ.ಎನ್. ರೈನಾ ಅವರು ಕಾರ್ಡೋಜೊ ಅವರ ಶಕ್ತಿಯನ್ನು ಲಡಾಖಿನಲ್ಲಿ ಕಣ್ಣಾರೆ ಕಂಡ ಮೇಲೆ ದಾರಿ ತೆರೆಯಿತು. ಕಾರ್ಡೋಜೊ ಬೆಟಾಲಿಯನ್ನನ್ನೂ ಮುಂದೆ ಬ್ರಿಗೇಡನ್ನೂ ಮುನ್ನಡೆಸಿ ಮೇಜರ್ ಜನರಲ್ ಆದರು. 1965ರ ಯುದ್ಧದ ಗಾಯದಿಂದ ಕಾಲು ಕಳೆದುಕೊಂಡ ವಿಜಯ್ ಒಬೆರಾಯ್ ಸೇನೆಯ ಉಪಮುಖ್ಯಸ್ಥರಾದರು. ನೆಲಬಾಂಬಿಗೆ ಎರಡೂ ಕಾಲು ತೆತ್ತ ಪಂಕಜ್ ಜೋಶಿ ಲೆಫ್ಟಿನೆಂಟ್ ಜನರಲ್ ಹುದ್ದೆಗೇರಿದರು.

ಅವರೆಲ್ಲ ಗಾಯಗೊಂಡ ವೀರರು, ರಕ್ತದೊತ್ತಡ ಮಧುಮೇಹಗಳ ಕೆಟಗರಿ ಬೇರೆಯದು ಎಂದು ತಾವು ಹೇಳಬಹುದು. ನನಗೆ ಹೆಚ್ಚು ನೋವು ತರುವುದು ಈ ಭೇದವೇ. ವರ್ಷಗಟ್ಟಲೆ ನಿದ್ದೆಗೆಟ್ಟ ಗಡಿಕಾವಲು, ಕುಟುಂಬದಿಂದ ದೂರವಿದ್ದು ಅನುಭವಿಸುವ ಒತ್ತಡ ಮೈಯೊಳಗೆ ಮಾಡುವ ಹಾನಿ ಹೊರಗೆ ಕಾಣುವುದಿಲ್ಲ ಎಂದಮಾತ್ರಕ್ಕೆ ಅದು ಸೇವೆಯ ಫಲವಲ್ಲವೆಂದು ಹೇಳಲಾದೀತೇ? ಸೇರುವಾಗಿನ ದಾಖಲೆಯಲ್ಲಿ ಇಲ್ಲದ ಕಾಯಿಲೆ ಸೇವೆಯಿಂದಲೇ ಬಂದಿತೆಂದು ಭಾವಿಸತಕ್ಕದ್ದು, ಅಲ್ಲವೆಂದು ಸಾಧಿಸುವ ಹೊಣೆ ಸರ್ಕಾರದ್ದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ತೀರ್ಪಿತ್ತಿತು. ಅದು ಅಂಗವೈಕಲ್ಯ ಪಿಂಚಣಿಯ ಪ್ರಕರಣವೆಂಬುದು ನಿಜ. ಆದರೂ ಬಡ್ತಿಯ ಮೇಜಿನ ಮುಂದೆ ಕುಳಿತವರಿಗೂ ಆ ನ್ಯಾಯ ನೆನಪಿರಬೇಕು.

ಮಹಿಳಾ ಅಧಿಕಾರಿಗಳ ಸಂಗತಿಯನ್ನು ನೋಡಿ. ಅವರಿಗೂ ಖಾಯಂ ಕಮಿಷನ್, ಅಂದರೆ ನಿವೃತ್ತಿಯವರೆಗಿನ ಸೇವೆ, ಸಿಗಬೇಕೆಂದ ಸುಪ್ರೀಂ ಕೋರ್ಟಿನ 2020ರ ತೀರ್ಪಿನ ನಂತರ ಅವರನ್ನು ಅದಕ್ಕೆ ಪರಿಗಣಿಸುವಾಗ, ಹಲವರು ನಲವತ್ತು ದಾಟಿದ್ದರೂ ‘ಶೇಪ್ 1’ ಬೇಕೆಂದು ಪಟ್ಟುಹಿಡಿಯಲಾಯಿತು. ಪುರುಷರಿಗೆ ಆ ಪರೀಕ್ಷೆ ನಡೆದದ್ದು ಸೇವೆಯ ಐದನೆಯ ಅಥವಾ ಹತ್ತನೆಯ ವರ್ಷದಲ್ಲಿ. ಕಮಿಷನ್ ಸಿಕ್ಕ ಮೇಲೆ ‘ಶೇಪ್ 1’ ಉಳಿಸಿಕೊಳ್ಳಲೇಬೇಕೆಂಬ ಷರತ್ತು ಅವರಿಗಿರಲಿಲ್ಲ. 2021ರ ಮಾರ್ಚಿನಲ್ಲಿ ನಿತಿಶಾ ಪ್ರಕರಣದ ತೀರ್ಪು ಇದನ್ನು ತಾರತಮ್ಯವೆಂದು ಕರೆದು, ಆ ಹಿಂದಿನ ಹಂತದ ಆರೋಗ್ಯವನ್ನೇ ಆಧಾರವಾಗಿಟ್ಟುಕೊಳ್ಳಬೇಕೆಂದಿತು.

ಇನ್ನೊಂದು ಅಪಾಯವನ್ನು ತಾವೇ ಕಂಡಿರಬಹುದು. ಕೆಟಗರಿಯಾದರೆ ಬಡ್ತಿ ಹೋಯಿತೆಂಬ ಭಯವಿರುವೆಡೆ ಎದೆನೋವನ್ನು ಯಾರೂ ವೈದ್ಯರಿಗೆ ಹೇಳುವುದಿಲ್ಲ. ಸಾಹೇಬರು ಗುಟ್ಟಾಗಿ ಹೊರಗಿನ ಔಷಧಿ ಅಂಗಡಿಯಿಂದ ಮಾತ್ರೆ ತರಿಸಿಕೊಂಡು ಗಸ್ತಿಗೆ ಹೊರಟರೆ, ಅವರ ಹಿಂದೆ ನಡೆಯುವ ಜವಾನರಿಗೆ ಎದುರಾಗುವ ಅಪಾಯವು, ಕಾಯಿಲೆ ಎಲ್ಲರಿಗೂ ತಿಳಿದಿದ್ದು ತಕ್ಕ ಹುದ್ದೆಯಲ್ಲಿ ಕುಳಿತ ಕೆಟಗರಿಯ ಅಧಿಕಾರಿಯಿಂದ ಎದುರಾಗುವುದಕ್ಕಿಂತ ಬಹಳ ದೊಡ್ಡದು.

ತಮ್ಮ ಸೋದರಳಿಯನ ವಿಷಯ. ಅವರಂತೆಯೇ ಕಿರಿಯ ಕಮಿಷನ್ಡ್ ಅಧಿಕಾರಿಯಾಗಿದ್ದ ರಾಜ್‌ಪಾಲ್ ಸಿಂಗ್ ಅವರ ಪ್ರಕರಣದಲ್ಲಿ, ಕೆಟಗರಿಯ ಕಾರಣಕ್ಕೆ ಬಿಡುಗಡೆ ಮಾಡುವ ಮೊದಲು ಇನ್‌ವ್ಯಾಲಿಡಿಂಗ್ ಮಂಡಳಿಯ (ಸೇವೆಗೆ ಅಯೋಗ್ಯರೇ ಎಂದು ನಿರ್ಧರಿಸುವ ವೈದ್ಯಕೀಯ ಮಂಡಳಿ) ಮುಂದೆ ಹಾಜರುಪಡಿಸಲೇಬೇಕೆಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿಯಮಗಳು ಆಮೇಲೆ ಬದಲಾಗಿರಬಹುದಾದ್ದರಿಂದ, ಯಾವ ನಿಯಮದಡಿ ಕ್ರಮ ಕೈಗೊಳ್ಳುತ್ತಿದ್ದಾರೆಂಬುದನ್ನು ಅವರು ಲಿಖಿತವಾಗಿ ಕೇಳಿ ಪಡೆಯಲಿ. ವೈದ್ಯಕೀಯ ಮಂಡಳಿಯ ವರದಿಯ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಲಿ. ಇಲಾಖೆಯೊಳಗಿನ ಮೇಲ್ಮನವಿಗೆ ನ್ಯಾಯ ಸಿಗದಿದ್ದರೆ, 2007ರ ಕಾಯ್ದೆಯಡಿ ಸ್ಥಾಪಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಲಿ. ತಮ್ಮ ಪತ್ರವನ್ನು, ಸೋದರಳಿಯನ ಗುರುತು ತಿಳಿಯದಂತೆ, ಇದೇ ಸಂಚಿಕೆಯಲ್ಲಿ ಪ್ರಕಟಿಸಿದ್ದೇವೆ.

— ಸಂಪಾದಕ