ಪ್ರಮಾಣಪತ್ರಗಳ ಕಡತಕ್ಕೆ ಕಾಲೇಜಿನಲ್ಲಿ ಎಷ್ಟು ಬೆಲೆ?

ಪ್ರಶ್ನೆ: ನನ್ನ ಮಗಳು ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಏಳನೆಯ ವಯಸ್ಸಿನಿಂದ ಭರತನಾಟ್ಯ ಕಲಿಯುತ್ತಿರುವ ಅವಳು ಜೂನಿಯರ್ ಪರೀಕ್ಷೆ ಮುಗಿಸಿ ಸೀನಿಯರ್‌ಗೆ ಸಿದ್ಧತೆ ನಡೆಸಿದ್ದಾಳೆ. ಪ್ರತಿಭಾ ಕಾರಂಜಿಯಲ್ಲಿ ಜಿಲ್ಲಾ ಮಟ್ಟದ ಬಹುಮಾನ ಬಂದಿದೆ. ಬೇರೆ ಬೇರೆ ಸ್ಪರ್ಧೆಗಳ ಪ್ರಮಾಣಪತ್ರಗಳು ಒಂದು ದಪ್ಪ ಕಡತದಷ್ಟಿವೆ. ಎಂಜಿನಿಯರಿಂಗ್ ಸೀಟಿಗೆ ಇವೆಲ್ಲ ನೆರವಾಗುತ್ತವೆಯೇ? ನೆರವಾಗದಿದ್ದರೆ ನಾಟ್ಯ ಬಿಡಿಸಿ ಆ ಹೊತ್ತನ್ನೂ ಕೋಚಿಂಗ್‌ಗೆ ಕೊಡಬೇಕೆಂದು ನಮ್ಮ ಯಜಮಾನರು ಹಟ ಹಿಡಿದಿದ್ದಾರೆ.
— ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿಯೇ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಸುತ್ತಿ ಬಳಸಿ ಹೇಳಿದವರಿಂದಲೇ ಅನೇಕ ಹೆತ್ತವರು ದಾರಿ ತಪ್ಪಿದ್ದಾರೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಎಂಜಿನಿಯರಿಂಗ್‌ಗೆ ನೀಡುವ ರ‍್ಯಾಂಕ್‌ನಲ್ಲಿ ಅರ್ಧ ಪಾಲು ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ ಅಂಕಗಳದು, ಇನ್ನರ್ಧ ಅದೇ ವಿಷಯಗಳ ಸಿಇಟಿ ಅಂಕಗಳದು. ನಾಟ್ಯಕ್ಕಾಗಲಿ ಸಂಗೀತಕ್ಕಾಗಲಿ ಚರ್ಚಾಸ್ಪರ್ಧೆಗಾಗಲಿ ಆ ಲೆಕ್ಕದಲ್ಲಿ ಒಂದು ಅಂಕವೂ ಇಲ್ಲ. ಕ್ರೀಡೆ, ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್ ವಿಭಾಗಗಳಲ್ಲಿ ಸಾಧನೆ ಮಾಡಿದವರಿಗೆ ವಿಶೇಷ ಪ್ರವರ್ಗದ ಕೆಲವೇ ಸೀಟುಗಳಿವೆ; ಕಲೆಗೆ ಅಂಥ ಪ್ರವರ್ಗವಿಲ್ಲ. ವೈದ್ಯಕೀಯಕ್ಕೆ ನೀಟ್ ಅಂಕವೇ ನಿರ್ಣಾಯಕ.

ಹಾಗೆಂದು ಎಲ್ಲೆಡೆಯೂ ಇದೇ ಸ್ಥಿತಿ ಇದೆಯೆಂದು ಭಾವಿಸಬೇಡಿ. ಮದ್ರಾಸ್ ಐಐಟಿಯು 2025-26ರಿಂದ ಲಲಿತಕಲೆ ಮತ್ತು ಸಂಸ್ಕೃತಿಯಲ್ಲಿ ಸಾಧನೆ ಮಾಡಿದವರಿಗಾಗಿ ಬಹುತೇಕ ಪ್ರತಿಯೊಂದು ಪದವಿ ಕೋರ್ಸ್‌ನಲ್ಲಿ ಎರಡು ಹೆಚ್ಚುವರಿ ಸೀಟುಗಳನ್ನು ತೆರೆದಿದೆ, ಅವುಗಳಲ್ಲಿ ಒಂದು ಹೆಣ್ಣುಮಕ್ಕಳಿಗೇ ಮೀಸಲು. ಆದರೆ ಜೆಇಇ ಅಡ್ವಾನ್ಸ್ಡ್‌ನಲ್ಲಿ ರ‍್ಯಾಂಕ್ ಪಡೆದಿರಬೇಕು, ಜೊತೆಗೆ ರಾಷ್ಟ್ರಮಟ್ಟದ ಮನ್ನಣೆಯೂ ಇರಬೇಕು. ಜಿಲ್ಲಾ ಮಟ್ಟದ ಬಹುಮಾನ ಅಲ್ಲಿಯವರೆಗೆ ತಲುಪುವುದಿಲ್ಲ. ದೆಹಲಿ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಕಲೆ ಮತ್ತು ಕ್ರೀಡೆ ಎರಡಕ್ಕೂ ಸೇರಿ ಶೇ 5ನ್ನು ಮೀರದಷ್ಟು ಹೆಚ್ಚುವರಿ ಸೀಟುಗಳಿವೆ. ಪಠ್ಯೇತರ ವಿಭಾಗದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಯುಇಟಿ ಅಂಕಕ್ಕೆ ಶೇ 25ರಷ್ಟು ತೂಕವಿದ್ದರೆ, ಅಭ್ಯರ್ಥಿಯು ತೀರ್ಪುಗಾರರ ಮುಂದೆ ನೀಡುವ ಪ್ರದರ್ಶನ ಮತ್ತು ಪ್ರಮಾಣಪತ್ರಗಳಿಗೆ ಶೇ 75ರಷ್ಟು ತೂಕವಿದೆ. ಶಾಸ್ತ್ರೀಯ ನೃತ್ಯವೂ ಆ ಪಟ್ಟಿಯಲ್ಲಿದೆ. ಆದರೆ ಅಲ್ಲಿ ಹೆಚ್ಚಾಗಿ ಇರುವುದು ಕಲಾ, ವಾಣಿಜ್ಯ ಮತ್ತು ಮೂಲ ವಿಜ್ಞಾನದ ಪದವಿಗಳು. ಮಗಳ ಮನಸ್ಸಿನಲ್ಲಿ ನಿಜಕ್ಕೂ ಎಂಜಿನಿಯರಿಂಗೇ ಇದೆಯೇ ಎಂದು ನೀವು ಒಮ್ಮೆ ಅವಳನ್ನೇ ಕೇಳಿದರೆ ಒಳ್ಳೆಯದು. ನಿಮ್ಮ ಪತ್ರದಲ್ಲಿ ಅವಳ ಮಾತು ಒಂದೂ ಇಲ್ಲ.

ಈಗ ಯಜಮಾನರ ಹಟದ ವಿಷಯ. ಸೀಟು ಕೊಡಿಸದ ಕಾರಣಕ್ಕೆ ನಾಟ್ಯ ಬಿಡಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಒಂಬತ್ತು ವರ್ಷ ಗೆಜ್ಜೆ ಕಟ್ಟಿದ ಮಗುವನ್ನು ಅಂಕದ ಹೆಸರಿನಲ್ಲಿ ಒಮ್ಮೆಲೇ ನಿಲ್ಲಿಸಿದಾಗ ಆ ಹೊತ್ತು ಪುಸ್ತಕಕ್ಕೆ ಹೋಗುವುದು ಅಪರೂಪ. ಪದವಿಪೂರ್ವ ಕಾಲೇಜಿನಲ್ಲಿ ಪಾಠ ಮಾಡಿದ ವರ್ಷಗಳಲ್ಲಿ, ಹೀಗೆ ಕೈಬಿಟ್ಟ ಹೊತ್ತು ಮಂಕುತನಕ್ಕೋ ಮೊಬೈಲಿಗೋ ಹೋದದ್ದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಸೀನಿಯರ್ ಪರೀಕ್ಷೆಯನ್ನು ದ್ವಿತೀಯ ಪಿಯುಸಿ ಮುಗಿಯುವವರೆಗೆ ಮುಂದೂಡಿ, ಸ್ಪರ್ಧೆಗಳಿಗೆ ಊರೂರು ಓಡಾಡುವುದನ್ನು ನಿಲ್ಲಿಸಿ, ವಾರಕ್ಕೆ ಎರಡು ದಿನದ ತರಗತಿಯನ್ನು ಮಾತ್ರ ಉಳಿಸಿಕೊಳ್ಳಿ. ಈ ಮಾತನ್ನು ಅವಳ ಗುರುಗಳ ಬಳಿ ನೀವೇ ಹೋಗಿ ಆಡಿ. ಮಗಳ ಬಾಯಿಂದ ಹೇಳಿಸಬೇಡಿ.

ಕಡತದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಶುಲ್ಕ ಕಟ್ಟಿ ವೀಡಿಯೊ ಕಳಿಸಿದವರಿಗೆಲ್ಲ ‘ರಾಷ್ಟ್ರೀಯ ಪುರಸ್ಕಾರ’ ಹಂಚುವ ಆನ್‌ಲೈನ್ ಸ್ಪರ್ಧೆಗಳ ಕಾಗದಕ್ಕೆ ಯಾವ ಪ್ರವೇಶ ಸಮಿತಿಯೂ ಬೆಲೆ ಕೊಡುವುದಿಲ್ಲ. ಅದಕ್ಕಾಗಿ ಹಣ ಕಟ್ಟುವುದನ್ನು ಇಂದೇ ನಿಲ್ಲಿಸಿ. ಇದನ್ನು ಓದುತ್ತಿರುವ ಕಿರಿಯ ಮಕ್ಕಳ ಹೆತ್ತವರು ಬೇಕಿದ್ದರೆ ಕೇಂದ್ರ ಸರ್ಕಾರದ ಸಿಸಿಆರ್‌ಟಿ ಸಂಸ್ಥೆಯು 10ರಿಂದ 14 ವರ್ಷದ ಮಕ್ಕಳಿಗೆ ನೀಡುವ ಸಾಂಸ್ಕೃತಿಕ ಪ್ರತಿಭಾನ್ವೇಷಣೆ ವಿದ್ಯಾರ್ಥಿವೇತನದ ಕಡೆ ನೋಡಬಹುದು. ಅಲ್ಲಿ ಮಗು ಪರಿಣತರ ಎದುರು ನಿಂತು ತನ್ನ ಕಲಿಕೆಯನ್ನು ತೋರಿಸಬೇಕು.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿ. ಶಾಲಾ ಕ್ರೀಡಾಕೂಟದಲ್ಲಿ ಖೋ ಖೋ ತಂಡದ ಪರವಾಗಿ ರಾಜ್ಯವನ್ನು ಪ್ರತಿನಿಧಿಸಿ ರಾಷ್ಟ್ರಮಟ್ಟದಲ್ಲಿ ಆಡಿದ್ದೇನೆ. ಕ್ರೀಡಾ ಕೋಟಾ ಇರುವುದರಿಂದ ಸೀಟು ಖಚಿತವೆಂದು ಊರಿನವರೆಲ್ಲ ಹೇಳುತ್ತಿದ್ದಾರೆ. ನಂಬಬಹುದೇ?
— ಧಾರವಾಡ ಜಿಲ್ಲೆಯಿಂದ ಒಬ್ಬ ಓದುಗ

ಉತ್ತರ: ನಿಮ್ಮ ಸಾಧನೆಯನ್ನು ಮನಸಾರೆ ಮೆಚ್ಚುತ್ತೇನೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ನಮ್ಮ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ಗೆದ್ದ ಮೇಲೆ ಈ ಆಟವನ್ನು ಹಳ್ಳಿಯ ಆಟವೆಂದು ಬದಿಗೆ ಸರಿಸುವವರು ಕಡಿಮೆಯಾಗಿದ್ದಾರೆ. ಆದರೂ ‘ಖಚಿತ’ ಎಂಬ ಮಾತನ್ನು ನಂಬಬೇಡಿ. ಸೀಟುಗಳು ಬೆರಳೆಣಿಕೆಯಷ್ಟಿದ್ದು, ಅವುಗಳಿಗೆ ಎಲ್ಲ ಕ್ರೀಡೆಗಳ ಅಭ್ಯರ್ಥಿಗಳೂ ಪೈಪೋಟಿ ನಡೆಸುತ್ತಾರೆ. ಅಂತರರಾಷ್ಟ್ರೀಯ ಪದಕ ಗೆದ್ದವರು ಇದ್ದರೆ ಅವರು ನಿಮಗಿಂತ ಮುಂದಿರುತ್ತಾರೆ. ಸಿಇಟಿ ಬರೆಯುವುದಂತೂ ತಪ್ಪುವುದಿಲ್ಲ. ಆನ್‌ಲೈನ್ ಅರ್ಜಿ ತುಂಬುವಾಗಲೇ ಕ್ರೀಡಾ ಪ್ರವರ್ಗವನ್ನು ಕೋರಬೇಕು, ಮೂಲ ಪ್ರಮಾಣಪತ್ರಗಳನ್ನು ಪ್ರಾಧಿಕಾರವು ಸೂಚಿಸಿದ ದಿನವೇ ಹಾಜರುಪಡಿಸಬೇಕು. ಅರ್ಜಿಯಲ್ಲಿ ಆ ಅಂಕಣ ಬಿಟ್ಟು, ಫಲಿತಾಂಶ ಬಂದ ಮೇಲೆ ಕಣ್ಣೀರು ಹಾಕಿದ ಮಕ್ಕಳನ್ನು ನೋಡಿದ್ದೇನೆ. ನಿಮ್ಮ ಹೆಸರು ಮತ್ತು ಜನ್ಮದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಕ್ರೀಡಾ ಪ್ರಮಾಣಪತ್ರದಲ್ಲೂ ಇದೆಯೇ ಎಂದು ಈಗಲೇ ನೋಡಿಕೊಂಡು, ವ್ಯತ್ಯಾಸವಿದ್ದರೆ ದೈಹಿಕ ಶಿಕ್ಷಕರ ಮೂಲಕ ಸರಿಪಡಿಸಿಕೊಳ್ಳಿ.

ಇನ್ನೊಂದು ದಾರಿಯೂ ಇದೆ. ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆ ಕ್ರೀಡಾ ದತ್ತು ಯೋಜನೆಯಡಿ ಸಾಧಕರಿಗೆ ಉಚಿತ ಶಿಕ್ಷಣ ನೀಡುತ್ತಾ ಬಂದಿದೆ. ಆಡುತ್ತಲೇ ಪದವಿ ಓದಲು ಮನಸ್ಸಿದ್ದರೆ ಆ ಕಡೆಯೂ ವಿಚಾರಿಸಿ. ಎಂಜಿನಿಯರಿಂಗ್ ಸೀಟು ಸಿಕ್ಕಿದರೂ ಮೈದಾನ ಬಿಡಬೇಕಾಗಿ ಬಂದರೆ ನಿಮಗೆ ಹೇಗನ್ನಿಸುತ್ತದೆ ಎಂಬುದನ್ನು ಊರಿನವರಿಗಿಂತ ನೀವೇ ಚೆನ್ನಾಗಿ ಬಲ್ಲಿರಿ.

ಪ್ರಶ್ನೆ: ನಮ್ಮ ಮಗ ಹನ್ನೊಂದನೆಯ ತರಗತಿಯಲ್ಲಿದ್ದಾನೆ, ಅಮೆರಿಕದಲ್ಲಿ ಪದವಿ ಓದಬೇಕೆಂಬ ಆಸೆ. ನಾವು ಭೇಟಿಯಾದ ಸಲಹೆಗಾರರೊಬ್ಬರು, ಅಲ್ಲಿ ಅಂಕಕ್ಕಿಂತ ಪಠ್ಯೇತರ ಸಾಧನೆಯೇ ಮುಖ್ಯವೆಂದು ಹೇಳಿ, ಅವನ ಹೆಸರಿನಲ್ಲಿ ಒಂದು ಸೇವಾ ಸಂಸ್ಥೆ, ಒಂದು ಸಂಶೋಧನಾ ಲೇಖನ ಮತ್ತು ಒಂದು ಪುಸ್ತಕ ಸಿದ್ಧಪಡಿಸಿಕೊಡಲು ಹಲವು ಲಕ್ಷ ರೂಪಾಯಿ ಕೇಳಿದ್ದಾರೆ. ಮಗನಿಗೋ ಜಕ್ಕೂರು ಕೆರೆಗೆ ಹೋಗಿ ಹಕ್ಕಿಗಳನ್ನು ನೋಡಿ ಬರೆದಿಡುವುದನ್ನು ಬಿಟ್ಟರೆ ಬೇರೆ ಹವ್ಯಾಸವಿಲ್ಲ. ಏನು ಮಾಡುವುದು?
— ಒಬ್ಬ ತಂದೆ, ಬೆಂಗಳೂರು

ಉತ್ತರ: ದಯವಿಟ್ಟು ಆ ಹಣ ಕೊಡಬೇಡಿ. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ಪಠ್ಯೇತರ ಚಟುವಟಿಕೆಗೆ ತೂಕವಿರುವುದು ನಿಜ. ಹಾರ್ವರ್ಡ್‌ನ ಪ್ರವೇಶ ಪದ್ಧತಿಯ ಮೇಲಿನ ಮೊಕದ್ದಮೆಯ ವಿಚಾರಣೆ 2018ರಲ್ಲಿ ನಡೆದಾಗ, ಅಲ್ಲಿ ಪ್ರತಿ ಅರ್ಜಿಯನ್ನೂ ಓದು, ಪಠ್ಯೇತರ ಚಟುವಟಿಕೆ, ಕ್ರೀಡೆ ಮತ್ತು ವ್ಯಕ್ತಿತ್ವ ಎಂದು ಬೇರೆ ಬೇರೆಯಾಗಿ ಅಳೆಯುತ್ತಾರೆ ಎಂಬುದು ಬಹಿರಂಗವಾಯಿತು. ಆದರೆ ಅಂಕಕ್ಕಿಂತ ಇದೇ ಮುಖ್ಯವೆಂಬುದು ಸರಿಯಲ್ಲ. ಓದಿನಲ್ಲಿ ಗಟ್ಟಿ ಇರುವ ಸಾವಿರಾರು ಅರ್ಜಿಗಳ ನಡುವೆ ಆಯ್ಕೆ ಮಾಡಬೇಕಾದಾಗ ಇವು ನೆರವಿಗೆ ಬರುತ್ತವೆ, ಓದಿನ ಕೊರತೆಯನ್ನು ತುಂಬುವುದಿಲ್ಲ. ಈ ಪದ್ಧತಿಯ ಹುಟ್ಟನ್ನೂ ನೀವು ತಿಳಿದಿರಬೇಕು. 1920ರ ದಶಕದಲ್ಲಿ ಹಾರ್ವರ್ಡ್‌ನ ಅಧ್ಯಕ್ಷರಾಗಿದ್ದ ಲೋವೆಲ್ ಅವರಿಗೆ ಪರೀಕ್ಷೆಯಲ್ಲಿ ಮುಂದಿದ್ದ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಯನ್ನು ತಗ್ಗಿಸಬೇಕಿತ್ತು. ‘ಚಾರಿತ್ರ್ಯ’ವನ್ನು ಅಳೆಯುವ ಕ್ರಮ ಬಲಗೊಂಡದ್ದು ಆಗ. ಅಂಕಪಟ್ಟಿಯಾಚೆಗೆ ಮಗುವನ್ನು ನೋಡಬೇಕೆಂಬುದು ಒಳ್ಳೆಯ ಆಶಯವೇ, ಆದರೆ ಅಳತೆಗೋಲು ಸ್ಪಷ್ಟವಿಲ್ಲದ ಕಡೆ ಪಕ್ಷಪಾತವೂ ಹಣವೂ ಸುಲಭವಾಗಿ ನುಸುಳುತ್ತವೆ. 2019ರಲ್ಲಿ ಬಯಲಾದ ಪ್ರವೇಶ ಹಗರಣದಲ್ಲಿ, ಆಟವನ್ನೇ ಆಡದ ಮಕ್ಕಳನ್ನು ಕ್ರೀಡಾಪಟುಗಳೆಂದು ತೋರಿಸಲು ಸುಳ್ಳು ದಾಖಲೆಗಳನ್ನು ಸೃಷ್ಟಿಸಿದ್ದರು. ಅದರ ಸೂತ್ರಧಾರನಾಗಿದ್ದ ಸಲಹೆಗಾರನಿಗೆ ಸೆರೆವಾಸವಾಯಿತು, ಹಲವು ಹೆತ್ತವರೂ ಜೈಲು ಕಂಡರು. ನಿಮ್ಮ ಸಲಹೆಗಾರರು ಹೇಳಿದ್ದು ಅಷ್ಟು ದೊಡ್ಡ ಅಪರಾಧವಲ್ಲದಿರಬಹುದು. ಆದರೆ ಮಗ ಮಾಡದ ಕೆಲಸವನ್ನು ಮಗನದೆಂದು ಬರೆಸುವುದು ಸುಳ್ಳೇ, ಮತ್ತು ಆ ಸುಳ್ಳಿಗೆ ಸಹಿ ಹಾಕಬೇಕಾದವನು ಹದಿನೇಳರ ಹುಡುಗ.

ಅರ್ಜಿಯಲ್ಲಿ ನಿಜವಾಗಿ ಏನು ಕೇಳುತ್ತಾರೆಂದು ನೋಡಿ. ನೂರಾರು ಕಾಲೇಜುಗಳು ಬಳಸುವ ಕಾಮನ್ ಆ್ಯಪ್‌ನಲ್ಲಿ ಹೆಚ್ಚೆಂದರೆ 10 ಚಟುವಟಿಕೆಗಳಿಗೆ ಜಾಗವಿದೆ, ಪ್ರತಿಯೊಂದರ ವಿವರಣೆಯೂ 150 ಅಕ್ಷರಗಳನ್ನು ದಾಟುವಂತಿಲ್ಲ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ, ಯಾವ ಯಾವ ತರಗತಿಯಲ್ಲಿ ಎಂದು ಕೇಳುತ್ತಾರೆ. ಎಂಐಟಿಯಂತೂ ತನ್ನದೇ ಅರ್ಜಿಯಲ್ಲಿ ನಾಲ್ಕನ್ನು ಮಾತ್ರ ಬರೆಯಲು ಹೇಳುತ್ತದೆ. ಕಾಮನ್ ಆ್ಯಪ್‌ನ ಪಟ್ಟಿಯಲ್ಲಿ ಕುಟುಂಬದ ಜವಾಬ್ದಾರಿ ಮತ್ತು ಸಂಬಳದ ದುಡಿಮೆಯೂ ಚಟುವಟಿಕೆಗಳೆಂದೇ ಲೆಕ್ಕ. ತಂದೆಯ ಕಿರಾಣಿ ಅಂಗಡಿಯಲ್ಲಿ ಸಂಜೆ ಕೂರುವ ಅಥವಾ ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳುವ ಮಗು ಅದನ್ನು ಹೆಮ್ಮೆಯಿಂದ ಬರೆಯಬಹುದು. ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಮಕ್ಕಳಿಗೆ ಇದನ್ನು ಯಾರೂ ಹೇಳುವುದೇ ಇಲ್ಲ ಎಂಬುದು ನನ್ನ ಬಹುದಿನದ ಕೊರಗು.

ನಿಮ್ಮ ಮಗನ ಹಕ್ಕಿಗಳ ವಿಷಯಕ್ಕೆ ಬಂದರೆ, ‘ಬೇರೆ ಹವ್ಯಾಸವಿಲ್ಲ’ ಎಂದು ನೀವು ಬರೆದದ್ದನ್ನು ಓದಿ ನನಗೆ ಬೇಸರವಾಯಿತು. ಒಂದೇ ಕೆರೆಗೆ ವರ್ಷಗಟ್ಟಲೆ ಹೋಗಿ, ಯಾವ ತಿಂಗಳು ಯಾವ ವಲಸೆ ಹಕ್ಕಿ ಬಂತು, ನೀರು ಇಳಿದಾಗ ಯಾವುದು ಕಾಣೆಯಾಯಿತು ಎಂದು ಬರೆದಿಟ್ಟವನ ಬಳಿ ಕೊಂಡ ಸಂಶೋಧನಾ ಲೇಖನಕ್ಕಿಂತ ಹೆಚ್ಚಿನದು ಇದೆ. ಅವನು ತನ್ನ ಪಟ್ಟಿಗಳನ್ನು ಈಬರ್ಡ್‌ಗೆ ಸೇರಿಸಲಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಪ್ರಯೋಗಾಲಯ ನಡೆಸುವ ಆ ಜಾಲತಾಣದಲ್ಲಿ ದಿನಾಂಕ ಮತ್ತು ಸ್ಥಳದ ಸಮೇತ ದಾಖಲೆ ಉಳಿಯುತ್ತದೆ, ವಿಜ್ಞಾನಿಗಳೂ ಆ ಮಾಹಿತಿಯನ್ನು ಬಳಸುತ್ತಾರೆ. ಹಳೆಯ ಟಿಪ್ಪಣಿ ಪುಸ್ತಕಗಳಲ್ಲಿ ದಿನ, ಹೊತ್ತು ಸರಿಯಾಗಿದ್ದರೆ ಹಿಂದಿನವನ್ನೂ ಸೇರಿಸಬಹುದು.

ಬ್ರಿಟನ್ ಕಡೆಗೂ ಯೋಚನೆ ಇದ್ದರೆ ಅಲ್ಲಿಯ ರೀತಿ ಬೇರೆ. ಅಲ್ಲಿಯ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹೋಗುವುದು ಯುಸಿಎಎಸ್ ಎಂಬ ಒಂದೇ ಸಂಸ್ಥೆಯ ಮೂಲಕ; 2026ರ ಪ್ರವೇಶದಿಂದ ಆ ಅರ್ಜಿಯ ವೈಯಕ್ತಿಕ ಬರಹದಲ್ಲಿ ಮೂರು ಪ್ರಶ್ನೆಗಳಿದ್ದು, ಆ ವಿಷಯವನ್ನೇ ಏಕೆ ಓದಬೇಕು, ಈವರೆಗಿನ ಓದು ಹೇಗೆ ಸಿದ್ಧಗೊಳಿಸಿದೆ, ತರಗತಿಯ ಹೊರಗೆ ಏನು ಮಾಡಿದ್ದೀರಿ ಎಂದು ಕೇಳುತ್ತಾರೆ. ಪ್ರಾಣಿಶಾಸ್ತ್ರಕ್ಕೋ ಪರಿಸರ ವಿಜ್ಞಾನಕ್ಕೋ ಅರ್ಜಿ ಹಾಕಿದರೆ ಜಕ್ಕೂರು ಕೆರೆಯ ಹಕ್ಕಿಗಳು ಅವನ ಪರವಾಗಿ ಮಾತಾಡುತ್ತವೆ. ಅರ್ಥಶಾಸ್ತ್ರಕ್ಕೆ ಹಾಕಿದರೆ ಅವು ಹೆಚ್ಚು ಕೆಲಸಕ್ಕೆ ಬರುವುದಿಲ್ಲ.

ಈ ಭಾನುವಾರ ಬೆಳಿಗ್ಗೆ ನೀವೂ ಅವನೊಡನೆ ಕೆರೆಗೆ ಹೋಗಿ. ಅವನು ವಾರಕ್ಕೆ ಎಷ್ಟು ಗಂಟೆ ಅಲ್ಲಿರುತ್ತಾನೆ, ಎಂದಿನಿಂದ ಹೋಗುತ್ತಿದ್ದಾನೆ ಎಂಬುದು ಅರ್ಜಿಗೆ ಬೇಕಾಗುತ್ತದೆ. ಅದನ್ನು ಅವನಿಂದಲೇ ಕೇಳಿ ಬರೆದುಕೊಳ್ಳಿ. ಶಿಫಾರಸು ಪತ್ರ ಬರೆಯಬೇಕಾದ ಅವನ ಜೀವಶಾಸ್ತ್ರದ ಶಿಕ್ಷಕರಿಗೆ ಈ ಟಿಪ್ಪಣಿ ಪುಸ್ತಕಗಳ ಸುದ್ದಿ ಗೊತ್ತಿದೆಯೇ? ಇಲ್ಲವಾದರೆ ಸೋಮವಾರವೇ ಅವುಗಳನ್ನು ಶಾಲೆಗೆ ಒಯ್ದು ತೋರಿಸಲು ಹೇಳಿ.