ಲಾರಿಯ ಪಿವಿಸಿ ಟಾರ್ಪಾಲನ್ನು ಹೊಲಿಗೆ ಇಲ್ಲದೆ ಹೇಗೆ ಜೋಡಿಸುತ್ತಾರೆ? ಪಾಲಿಥೀನ್ ಹಾಳೆಗೆ ಅದು ಯಾಕೆ ಆಗಲ್ಲ?

ರೇಡಿಯೊ ತರಂಗದಿಂದ ಬಿಸಿ ಮಾಡಿ ಅಂಟಿಸುತ್ತಾರೆ. ಪಿವಿಸಿ ಆ ತರಂಗಕ್ಕೆ ಒಳಗಿಂದಲೇ ಬಿಸಿಯಾಗುತ್ತದೆ, ಪಾಲಿಥೀನ್ ಹೆಚ್ಚುಕಮ್ಮಿ ಬಿಸಿಯೇ ಆಗುವುದಿಲ್ಲ.

ಪಿವಿಸಿಯಲ್ಲಿ ಕ್ಲೋರಿನ್ ಇದೆ. ಅದು ಎಲೆಕ್ಟ್ರಾನುಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಹಾಗಾಗಿ ಅಣುವಿನ ಒಂದು ಕಡೆ ಸ್ವಲ್ಪ ಋಣ, ಇನ್ನೊಂದು ಕಡೆ ಸ್ವಲ್ಪ ಧನ. ಎರಡು ಲೋಹದ ಅಚ್ಚುಗಳ ನಡುವೆ ಹಾಳೆಗಳನ್ನು ಒತ್ತಿ ಹಿಡಿದು ಸಾಮಾನ್ಯವಾಗಿ 27.12 ಮೆಗಾಹರ್ಟ್ಸ್ ತರಂಗ ಕೊಡುತ್ತಾರೆ, ಅಂದರೆ ವಿದ್ಯುತ್ ಸೆಳೆತ ಸೆಕೆಂಡಿಗೆ ಸುಮಾರು 2.7 ಕೋಟಿ ಸಲ ಹಿಂದೆಮುಂದೆ ಆಗುತ್ತದೆ, ಅದರ ಜೊತೆ ಹೊರಳಲು ಹೋಗಿ ಈ ಅಣುಗಳು ಒಂದಕ್ಕೊಂದು ತಿಕ್ಕಾಡಿ ಬಿಸಿಯಾಗುತ್ತವೆ. ಪಾಲಿಥೀನಿನಲ್ಲಿ ಆ ಧನ-ಋಣದ ಭೇದವೇ ಇಲ್ಲ, ತರಂಗಕ್ಕೆ ಹಿಡಿದು ಅಲ್ಲಾಡಿಸಲು ಏನೂ ಸಿಗಲ್ಲ.

ಇದರಲ್ಲಿ ನಿಜವಾಗಿ ಚಂದದ ಸಂಗತಿ ಬೇರೆ ಇದೆ. ಲೋಹದ ಅಚ್ಚು ಹಾಳೆಗಿಂತ ತಣ್ಣಗಿರುತ್ತದೆ, ಹೊರಮೈಯ ಬಿಸಿಯನ್ನು ಅದು ಎಳೆದುಕೊಳ್ಳುತ್ತದೆ, ಹೀಗಾಗಿ ಎಲ್ಲಕ್ಕಿಂತ ಜಾಸ್ತಿ ಬಿಸಿ ಉಳಿಯುವುದು ಎರಡು ಹಾಳೆ ಕೂಡುವ ನಡುಭಾಗದಲ್ಲೇ! ನಮಗೆ ಬೇಕಾದದ್ದೂ ಅಲ್ಲೇ ಅಲ್ವಾ? ಮೇಲ್ಮೈ ಸುಡಲ್ಲ. ತರಂಗ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು, ಬಿಸಿ ಇರುವಾಗಲೇ ಬಿಟ್ಟರೆ ಜೋಡಣೆ ಗಟ್ಟಿಯಾಗಲ್ಲ.

ಕಲಬುರಗಿ ಎಪಿಎಂಸಿಗೆ ತೊಗರಿ ತರುವ ಲಾರಿಗಳ ಟಾರ್ಪಾಲನ್ನು ಒಮ್ಮೆ ಹತ್ತಿರದಿಂದ ನೋಡಿ. ಹೀಗೆ ಅಂಟಿಸಿದ ಕಡೆ ಚಪ್ಪಟೆ ಪಟ್ಟಿ ಇರುತ್ತದೆ, ಸೂಜಿ ತೂತಿಲ್ಲ, ಮಳೆನೀರು ಇಳಿಯಲು ದಾರಿ ಇಲ್ಲ. ಹೊಲದಲ್ಲಿ ರಾಶಿ ಮುಚ್ಚುವ ತೆಳು ನೀಲಿ ಹಾಳೆ ಸಾಮಾನ್ಯವಾಗಿ ಪಾಲಿಥೀನ್. ಅದಕ್ಕೆ ಬಿಸಿಗಾಳಿ ಇಲ್ಲವೇ ಕಾಯಿಸಿದ ಲೋಹದ ಪಟ್ಟಿಯೇ ಬೇಕು.