ಫೈರ್‌ವಾಲ್ ಆಫ್ ಮಾಡಿದರೆ ಮಾತ್ರ ರಿಮೋಟ್ ಡೆಸ್ಕ್‌ಟಾಪ್ ಬರುತ್ತದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಹಾರ್ಡ್‌ವೇರ್ ಅಂಗಡಿ. ಬಿಲ್ಲಿಂಗ್ ಕಂಪ್ಯೂಟರ್ ಕೆಳಗಿದೆ, ನಾನು ಮಹಡಿ ಮೇಲೆ ಕೂತು ಲ್ಯಾಪ್‌ಟಾಪ್‌ನಲ್ಲಿ ಅದನ್ನೇ ತೆರೆದು ಲೆಕ್ಕ ನೋಡುತ್ತೇನೆ. ಹೋದ ವಾರ ಹೊಸ ರೌಟರ್ ಹಾಕಿಸಿದ ಮೇಲೆ ಕನೆಕ್ಟ್ ಆಗುತ್ತಿಲ್ಲ. ವಿಂಡೋಸ್ ಫೈರ್‌ವಾಲ್ (ಹೊರಗಿನಿಂದ ಬರುವ ಸಂಪರ್ಕ ತಡೆಯುವ ಕಾವಲು) ಆಫ್ ಮಾಡಿದರೆ ತಕ್ಷಣ ಬರುತ್ತದೆ. ಹಾಗೇ ಬಿಡಬಹುದಾ? ಮನೆಯಿಂದಲೂ ನೋಡಬೇಕು ಅಂದಿದ್ದಕ್ಕೆ ಪರಿಚಯದವರೊಬ್ಬರು ರೌಟರಿನಲ್ಲಿ 3389 ಪೋರ್ಟ್ (ರಿಮೋಟ್ ಡೆಸ್ಕ್‌ಟಾಪ್ ಬಳಸುವ ಬಾಗಿಲು) ಓಪನ್ ಮಾಡಿಬಿಡಿ ಎಂದರು. ಮಾಡಲಾ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಎರಡೂ ಬೇಡ. ಮೊದಲು ಫೈರ್‌ವಾಲ್ ಆನ್ ಮಾಡಿ, ಆಮೇಲೆ ಮುಂದೆ ಓದಿ.

ಅರ್ಧ ಕೆಲಸ ನೀವೇ ಮುಗಿಸಿದ್ದೀರಿ. ಆಫ್ ಮಾಡಿದಾಗ ಬರುತ್ತದೆ ಅಂದರೆ ಐಪಿ ವಿಳಾಸ, ಪಾಸ್‌ವರ್ಡ್, ರಿಮೋಟ್ ಡೆಸ್ಕ್‌ಟಾಪ್ ಸೆಟ್ಟಿಂಗ್ ಎಲ್ಲ ಸರಿಯಿದೆ, ಅಡ್ಡ ಬರುತ್ತಿರುವುದು ಫೈರ್‌ವಾಲಿನ ಒಂದು ರೂಲ್ ಮಾತ್ರ. ರೌಟರ್ ಬದಲಾದಾಗ ವಿಂಡೋಸ್‌ಗೆ ಅದು ಗೊತ್ತಿಲ್ಲದ ಹೊಸ ನೆಟ್‌ವರ್ಕ್, ಹಾಗಾಗಿ ಬಸ್ ಸ್ಟ್ಯಾಂಡಿನ ವೈಫೈ ಥರ ಅದನ್ನೂ 'ಪಬ್ಲಿಕ್' ಎಂದು ಗುರುತು ಹಾಕಿಕೊಂಡಿರುತ್ತದೆ. ಕೆಳಗಿನ ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್‌ಗೆ ಹೋಗಿ ಅದನ್ನು 'ಪ್ರೈವೇಟ್' ಮಾಡಿ. ಹೆಚ್ಚಿನ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಆಗದಿದ್ದರೆ ಫೈರ್‌ವಾಲಿನಲ್ಲಿ ಅನುಮತಿ ಕೊಟ್ಟ ಆ್ಯಪ್‌ಗಳ ಪಟ್ಟಿ ತೆಗೆಯಿರಿ. ಮೊದಲಿಗೆ ಎಲ್ಲ ಮಸುಕಾಗಿರುತ್ತದೆ, 'ಚೇಂಜ್ ಸೆಟ್ಟಿಂಗ್ಸ್' ಒತ್ತಿದ ಮೇಲೆಯೇ ಮುಟ್ಟಲು ಬರುವುದು. 'ರಿಮೋಟ್ ಡೆಸ್ಕ್‌ಟಾಪ್' ಸಾಲಿನಲ್ಲಿ ಪ್ರೈವೇಟ್ ಚೌಕಕ್ಕೆ ಟಿಕ್ ಇರಲಿ, ಪಬ್ಲಿಕ್ ಖಾಲಿ ಇರಲಿ. ಈಗ ಲ್ಯಾಪ್‌ಟಾಪ್‌ನ ಪವರ್‌ಶೆಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ವಿಂಡೋ) ಟೆಸ್ಟ್-ನೆಟ್‌ಕನೆಕ್ಷನ್ ಕಮಾಂಡ್‌ಗೆ ಕೆಳಗಿನ ಕಂಪ್ಯೂಟರಿನ ಐಪಿ ಮತ್ತು ಪೋರ್ಟ್ 3389 ಕೊಟ್ಟು ನೋಡಿ. ಕೊನೆಯ ಸಾಲಿನಲ್ಲಿ 'ಟ್ರೂ' ಬಂದರೆ ದಾರಿ ತೆರೆದಿದೆ. ಪಿಂಗ್ (ಆ ಕಂಪ್ಯೂಟರ್ ಉತ್ತರಿಸುತ್ತದೆಯೇ ಎಂದು ನೋಡುವ ಕಮಾಂಡ್) ಮಾಡಿ ನೋಡಿ ನಿರ್ಧಾರಕ್ಕೆ ಬರಬೇಡಿ, ಪಿಂಗ್‌ಗೆ ಬೇರೆಯೇ ರೂಲ್ ಇದೆ.

ಇನ್ನು ಮನೆಯಿಂದ. 3389 ಅನ್ನು ನೇರವಾಗಿ ಇಂಟರ್‌ನೆಟ್‌ಗೆ ಬಿಟ್ಟರೆ ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಂಗಳು ಹಗಲು ರಾತ್ರಿ ಬಾಗಿಲು ಬಡಿಯುತ್ತವೆ. 2019ರಲ್ಲಿ 'ಬ್ಲೂಕೀಪ್' ಎಂಬ ದೋಷ ಸಿಕ್ಕಿತು. ಪಾಸ್‌ವರ್ಡೇ ಇಲ್ಲದೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳಗೆ ಬರುವಂಥದ್ದು ಅದು, ಬೆಂಬಲ ನಿಂತುಹೋಗಿದ್ದ ಹಳೆಯ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ ಕೊಡಬೇಕಾಯಿತು. ನಿಮ್ಮ ಗಿರಾಕಿಗಳ ಬಾಕಿ ಲೆಕ್ಕವೆಲ್ಲ ಆ ಒಂದು ಕಂಪ್ಯೂಟರಿನಲ್ಲಿದೆ ಅಲ್ವಾ? ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪೋರ್ಟ್ ತೆರೆಯುವ ಬದಲು ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್‌ನಂಥ ವಿಪಿಎನ್ (ಇಂಟರ್‌ನೆಟ್ ಮೂಲಕ ಹೋಗುವ ಸುರಕ್ಷಿತ ಖಾಸಗಿ ದಾರಿ) ಹಾಕಿಸಿಕೊಳ್ಳಿ. ರೌಟರಿನ ವ್ಯಾನ್ ವಿಳಾಸ (ಇಂಟರ್‌ನೆಟ್ ಕಂಪನಿ ರೌಟರಿಗೆ ಕೊಟ್ಟ ಐಪಿ ವಿಳಾಸ) 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ಆ ಲೈನ್ ಹಲವರಿಗೆ ಹಂಚಿದ್ದು, ಪೋರ್ಟ್ ಓಪನ್ ಮಾಡಿದರೂ ಹೊರಗಿನಿಂದ ಬರುವುದಿಲ್ಲ. ಆಗ ಟೇಲ್‌ಸ್ಕೇಲ್ ಸುಲಭ. ವೈರ್‌ಗಾರ್ಡ್ ಹಾಕಿದ ಮೇಲೂ ಕನೆಕ್ಟ್ ಆಗದಿದ್ದರೆ ಗಾಬರಿ ಬೇಡ, ವಿಂಡೋಸ್ ಅದನ್ನೂ ಪಬ್ಲಿಕ್ ಎಂದು ಗುರುತು ಹಾಕಿರಬಹುದು. ಫೈರ್‌ವಾಲಿನಲ್ಲಿ 3389ಕ್ಕೆ ಒಂದು ಇನ್‌ಬೌಂಡ್ (ಒಳಬರುವ ಸಂಪರ್ಕದ) ರೂಲ್ ಬರೆದು, ಅದರ 'ಸ್ಕೋಪ್'ನಲ್ಲಿ ನಿಮ್ಮ ಲ್ಯಾಪ್‌ಟಾಪ್‌ನ ವಿಪಿಎನ್ ವಿಳಾಸವೊಂದನ್ನೇ ಸೇರಿಸಿ.